ಚಾಡಿ ಹೇಳಿದ್ದೂ ಜನರೇ

ನರಮೇಧವೆಲ್ಲ ಆಳುವವರ ಕೆಲಸ, ಆಜ್ಞೆ ಮೀರಿದರೆ ತಲೆ ಹೋಗುವಾಗ ಸಾಮಾನ್ಯರು ಅಸಹಾಯಕರು. ಟಿಬೆಟನ್ ನಿರಾಶ್ರಿತರಿಗೆ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಜಾಗ ಕೊಟ್ಟದ್ದೂ ಸರ್ಕಾರವೇ, ಜನರಲ್ಲ. ಇದು ಇತ್ತೀಚೆಗೆ ಅಚ್ಚಾದ ಲೇಖನವೊಂದರ ವಾದ. ಭಯ ಸುಳ್ಳಲ್ಲ, ಒಪ್ಪೋಣ. ಉಳಿದದ್ದನ್ನು ಒಪ್ಪಲಾಗದು.

1942ರ ಜುಲೈ 13ರಂದು ಪೋಲೆಂಡಿನ ಯೂಸೆಫುವ್‌ನಲ್ಲಿ, ಸುಮಾರು 500 ಜನರ ಜರ್ಮನ್ ಮೀಸಲು ಪೊಲೀಸ್ ಪಡೆಗೆ ಯಹೂದಿಗಳನ್ನು ಗುಂಡಿಕ್ಕಿ ಕೊಲ್ಲುವ ಆದೇಶ ಬಂತು. ಕೈಲಾಗದ ಹಿರಿಯರು ಪಕ್ಕಕ್ಕೆ ಸರಿಯಬಹುದು ಎಂದು ಪಡೆಯ ಮುಖ್ಯಸ್ಥ ಮೇಜರ್ ಟ್ರಾಪ್ ಮೊದಲೇ ಹೇಳಿದ್ದ. ಆಗ ಸರಿದವರು ಹನ್ನೆರಡು ಮಂದಿಯಷ್ಟು. ಅವರ ತಲೆಯೇನೂ ಹೋಗಲಿಲ್ಲ. ಉಳಿದವರಲ್ಲಿ ಗುಂಡಿಕ್ಕುವ ಕೆಲಸಕ್ಕೆ ನಿಂತ ಹೆಚ್ಚಿನವರು ಕೊಂದರು. ಅವರೇನು ರಾಕ್ಷಸರೇ? ಹ್ಯಾಂಬರ್ಗಿನ ಬಂದರು ಕೂಲಿಗಳು, ಲಾರಿ ಚಾಲಕರು, ಗುಮಾಸ್ತರು.

ಅಷ್ಟು ದೂರವೇಕೆ? ಉತ್ತರ ಕನ್ನಡದ್ದೇ ಆದ ಜೋಯಿಡಾದ ಘಟ್ಟ ಇಳಿದರೆ ಗೋವೆ. ಪೋರ್ಚುಗೀಸರ ಆಳ್ವಿಕೆಯಲ್ಲಿ 1560ರಲ್ಲಿ ಅಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆ, 1736ರಲ್ಲಿ ಅಂಗಳದ ತುಳಸಿಯನ್ನೂ, ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ ಹಿಂದೂ ಆಚಾರವೆಂದು ನಿಷೇಧಿಸಿತು. ಪಕ್ಕದ ಮನೆಯ ಅನ್ನಕ್ಕೆ ಉಪ್ಪಿಲ್ಲವೆಂಬುದು ಲಿಸ್ಬನ್ನಿನ ದೊರೆಗೆ ಹೇಗೆ ತಿಳಿಯಬೇಕು? ನೆರೆಯವರ ಚಾಡಿಯಿಂದ, ಕೆಲಸದವರ ದೂರಿನಿಂದ. ಹಳಿಯಾಳ, ಜೋಯಿಡಾದಲ್ಲಿರುವ ಆಫ್ರಿಕಾ ಮೂಲದ ಸಿದ್ದಿಗಳ ಪೂರ್ವಜರಲ್ಲಿ ಹಲವರು ಅದೇ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಗುಲಾಮರನ್ನು ಕೊಂಡು ಮನೆಗೆಲಸಕ್ಕೆ ಹಚ್ಚಿದ್ದು ವೈಸರಾಯ್ ಒಬ್ಬನೇ ಅಲ್ಲ, ಊರಿನ ಸಂಭಾವಿತರೂ ಹೌದು.

ಇನ್ನು ಮುಂಡಗೋಡ. 1966ರ ಆ ವಸತಿಗೆ ಜಮೀನು ಕೊಟ್ಟದ್ದು ಸರ್ಕಾರ, ನಿಜ. ಆದರೆ ಪೇಟೆಯ ವ್ಯಾಪಾರ, ಮಠ-ಹೊಲಗಳಲ್ಲಿ ಸುತ್ತಲ ಊರವರ ದುಡಿಮೆ, ದಶಕಗಳ ನೆರೆಹೊರೆ ಯಾವ ಸರ್ಕಾರಿ ಆದೇಶದಿಂದಲೂ ಹುಟ್ಟಿದ್ದಲ್ಲ.