ಜಾರಿದ್ದು ಜೀಪು, ಸೋರಿದ್ದು ಬಾಕ್ಸು

ಕಳೆದ ಮಳೆಗಾಲದಲ್ಲಿ ದೊಡ್ಡಪ್ಪನ ಜೀಪು ತೋಟದ ದಿಬ್ಬದಲ್ಲಿ ನಿಂತಲ್ಲಿಂದಲೇ ಹಿಂದಕ್ಕೆ ಜಾರಿತು. ಹಿಂಬದಿಯಲ್ಲಿ ದೊಡ್ಡಮ್ಮ ಗೊಬ್ಬರದ ಮೂಟೆ ಇಳಿಸಿಕೊಳ್ಳುತ್ತಿದ್ದರು. ಅವರು ಪಕ್ಕಕ್ಕೆ ಹಾರಿಕೊಂಡರು, ಜೀಪು ಹಲಸಿನ ಮರಕ್ಕೆ ಗುದ್ದಿ ನಿಂತಿತು. ‘ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಫಸ್ಟ್ ಗೇರಲ್ಲೂ ಹಾಕಿದ್ದೆ’ ಎಂದು ದೊಡ್ಡಪ್ಪ ಹತ್ತು ಸಲ ಹೇಳಿದರು. ಯಾರೂ ನಂಬಲಿಲ್ಲ. ಮೆಕ್ಯಾನಿಕಲ್ ಬಿಇ ಓದುತ್ತಿರುವ ನಾನೂ ನಂಬಲಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮೂರು ದೊಡ್ಡಗದ್ದವಳ್ಳಿ. ಇಲ್ಲಿ ಹಳತು ಎಂದರೆ 1113ರ ಸುಮಾರಿನ ಲಕ್ಷ್ಮೀದೇವಿ ದೇವಾಲಯ. ಅದು ಬಿಟ್ಟರೆ ದೊಡ್ಡಪ್ಪನ ಜೀಪು ಎಂದು ನಾವು ತಮಾಷೆ ಮಾಡುತ್ತೇವೆ. ಅದು ಸಿಜೆ-3ಬಿ. ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದ ಮಹೀಂದ್ರಾ, ಮುಂದೆ ಈ ಮಾದರಿಯನ್ನು ದಶಕಗಳ ಕಾಲ ತಯಾರಿಸಿತು. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳ ಕೆಸರಿನಲ್ಲಿ ಇದರ ಬಂಧುಗಳು ಇನ್ನೂ ದುಡಿಯುತ್ತಿವೆ.

ಹ್ಯಾಂಡ್‌ಬ್ರೇಕಿಗೆ ಅಷ್ಟರಲ್ಲಾಗಲೇ ಎರಡು ಸಲ ಕೇಬಲ್ ಬಿಗಿ ಮಾಡಿಸಿ, ಒಮ್ಮೆ ಲೈನರ್ ಬದಲಿಸಿ ಆಗಿತ್ತು. ತಿಂಗಳೊಳಗೆ ಮತ್ತೆ ಅದೇ ಕಥೆ. ಮರಕ್ಕೆ ಗುದ್ದಿದ ಮೇಲೆ ಒಂದು ಗ್ಯಾರೇಜಿನವರು ‘ಟ್ರಾನ್ಸ್‌ಫರ್ ಕೇಸೇ ಹೋಗಿದೆ, ಪೂರ್ತಿ ಬದಲಾಯಿಸಿ’ ಎಂದರು. ಅವರು ಹೇಳಿದ ಮೊತ್ತ ಕೇಳಿ ದೊಡ್ಡಪ್ಪ ಜೀಪನ್ನು ಗುಜರಿಗೆ ಕೊಡುವ ತೀರ್ಮಾನಕ್ಕೆ ಬಂದರು. ಜೀಪು ಹೋದರೆ ತೋಟಕ್ಕೆ ಪ್ರತಿ ಮೂಟೆಗೂ ಬಾಡಿಗೆ ಟ್ರಾಕ್ಟರ್ ಕರೆಸಬೇಕು. ಕೊನೆಯ ಪ್ರಯತ್ನವೆಂದು ಹಳೇ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಬಂದೆವು.

ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ‘ಏನಪ್ಪಾ ಇಂಜಿನಿಯರ್ರು, ಗೇರಲ್ಲಿ ನಿಲ್ಲಿಸಿದ ಗಾಡಿ ಹೆಂಗೆ ಜಾರ್ತು? ಮೊದಲು ಅದನ್ನ ಹೇಳು’ ಎಂದರು.

ನನಗೆ ಉತ್ತರ ಗೊತ್ತಿರಬೇಕಿತ್ತು. ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳಿಗೆ ಹಂಚುವುದು ಟ್ರಾನ್ಸ್‌ಫರ್ ಕೇಸ್. ಈ ಜೀಪಿನಲ್ಲಿರುವುದು ಸ್ಪೈಸರ್ 18. ಅದಕ್ಕೆ ಎರಡು ಸಣ್ಣ ಲಿವರ್: ಒಂದು ಮುಂದಿನ ಚಕ್ರಗಳನ್ನು ಜೋಡಿಸಲು, ಇನ್ನೊಂದು ಹೈ–ಲೋ ಬದಲಿಸಲು. ಈ ಎರಡನೆಯದರ ನಡುವೆ ನ್ಯೂಟ್ರಲ್ ಇದೆ. ಲಿವರ್ ಅಲ್ಲಿಗೆ ಜಾರಿದರೆ ದೊಡ್ಡ ಗೇರ್ ಫಸ್ಟ್‌ನಲ್ಲಿದ್ದರೂ ಇಂಜಿನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಇದರ ಚಿತ್ರ ಬರೆದು ಅಂಕ ತೆಗೆದುಕೊಂಡವನು ನಾನು!

ಲಿವರ್ ಅಲ್ಲಾಡಿಸಿ ನೋಡಿದೆವು. ಹೈ, ಲೋ ಎರಡರಲ್ಲೂ ‘ಟಕ್’ ಎಂದು ಕೂರಲಿಲ್ಲ. ಶಿಫ್ಟ್ ರಾಡನ್ನು ಅದರ ಜಾಗದಲ್ಲಿ ಹಿಡಿದಿಡುವ ಉಕ್ಕಿನ ಗೋಲಿಯ ಹಿಂದಿನ ಸ್ಪ್ರಿಂಗ್ ಸೋತಿತ್ತು. ಅರ್ಧ ಕೂತ ಲಿವರ್, ದಿಬ್ಬದ ಭಾರ ಬೀಳುತ್ತಲೇ ನ್ಯೂಟ್ರಲ್‌ಗೆ ಬಂದಿತ್ತು. ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಹ್ಯಾಂಡ್‌ಬ್ರೇಕ್? ಈ ಜೀಪಿನಲ್ಲಿ ಅದು ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಕಡೆ ಡ್ರಮ್ ಇದೆ. ಮೇಸ್ತ್ರಿ ಡ್ರಮ್ ಕಳಚಿ, ಬೆರಳಿಗೆ ಅಂಟಿದ್ದನ್ನು ನನ್ನ ಮೂಗಿಗೆ ಹಿಡಿದರು. ಗಂಧಕದ ವಾಸನೆ, ಅಂದರೆ ಗೇರ್ ಆಯಿಲ್. ಡ್ರಮ್ಮಿನ ಬೆನ್ನಿಗೇ ಇರುವ ಆಯಿಲ್ ಸೀಲ್ ಸೋರಿ ಲೈನರನ್ನು ನೆನೆಸಿತ್ತು. ಎಣ್ಣೆ ಹಚ್ಚಿದ ಬ್ರೇಕಿನ ಕೇಬಲನ್ನು ನಾವು ವರ್ಷವಿಡೀ ಬಿಗಿ ಮಾಡುತ್ತಿದ್ದೆವು.

‘ಸೀಲ್ ಹಾಕಿಬಿಡೋಣ’ ಎಂದೆ. ‘ಹೊಸ ಸೀಲ್ ಕೂಡ ಎರಡೇ ತಿಂಗಳು ಬರೋದು’ ಎಂದು ಅವರು ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆದರು. ಅದು ಆಡಿತು. ಈ ಶಾಫ್ಟಿನ ಆಟ ಇಂಚಿನ ಸಾವಿರದ ನಾಲ್ಕರಿಂದ ಎಂಟು ಭಾಗದೊಳಗೆ ಇರಬೇಕು. ಹಿಂದಿನ ಕ್ಯಾಪಿನಡಿಯ ತೆಳು ಶಿಮ್‌ಗಳನ್ನು ಕೂಡಿಸಿ ಕಳೆದು ಅದನ್ನು ಹೊಂದಿಸುತ್ತಾರೆ. ಆಟ ಹೆಚ್ಚಾದರೆ ಶಾಫ್ಟ್ ಓಲಾಡಿ ಸೀಲನ್ನು ತಿನ್ನುತ್ತದೆ. ಬಾಕ್ಸಿನ ಬ್ರೀದರ್ ಬೇರೆ ಕೆಸರಿನಿಂದ ಕಟ್ಟಿಹೋಗಿತ್ತು. ಬಿಸಿಯಾದಾಗ ಒಳಗಿನ ಗಾಳಿಗೆ ದಾರಿಯಿಲ್ಲದೆ ಅದೂ ಎಣ್ಣೆಯನ್ನು ಸೀಲಿನ ಕಡೆಗೇ ತಳ್ಳುತ್ತಿತ್ತು.

ಪೂರ್ತಿ ಬಾಕ್ಸ್ ಹೋಗಿದೆಯೇ ಎಂದು ತಿಳಿಯಲೂ ಬಿಚ್ಚಬೇಕಿರಲಿಲ್ಲ. ಹೈ–ಲೋ ಲಿವರನ್ನು ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟೆವು. ಆಗ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ಮಧ್ಯದ ಗೇರ್ ಮಾತ್ರ ತಿರುಗುತ್ತವೆ. ಕೊರೆಯುವ ಸದ್ದು ಬಂದಿದ್ದರೆ ದೋಷ ಅಲ್ಲೇ ಎಂದರ್ಥ. ಬರಲಿಲ್ಲ. ಆಯಿಲ್ ಇಳಿಸಿ ಹಳೇ ಬನಿಯನ್ ಬಟ್ಟೆಯಲ್ಲಿ ಸೋಸಿದರೆ ಉಕ್ಕಿನ ಚೂರುಗಳೂ ಇರಲಿಲ್ಲ. ಸೀಲ್, ಬೇರಿಂಗ್, ಶಿಮ್, ಸ್ಪ್ರಿಂಗ್, ಹೊಸ ಲೈನರ್, ಎರಡೂ ಬಾಕ್ಸಿಗೆ ಹೊಸ ಆಯಿಲ್ – ಎರಡು ಭಾನುವಾರದ ಕೆಲಸ. ಗ್ಯಾರೇಜಿನವರು ಕೇಳಿದ್ದರ ಕಾಲು ಭಾಗವೂ ಖರ್ಚಾಗಲಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಲ್ಯಾಬ್. ಅಲ್ಲಿ ಕೆಂಪು, ಹಳದಿ ಬಣ್ಣ ಬಳಿದು ಅರ್ಧ ಸೀಳಿಟ್ಟ ಗೇರ್‌ಬಾಕ್ಸ್ ಇದೆ. ಅದು ಎಂದೂ ಸೋರುವುದಿಲ್ಲ, ಸದ್ದು ಮಾಡುವುದಿಲ್ಲ. ಅದರ ಭಾಗಗಳ ಹೆಸರು ಹೇಳಿದರೆ ವೈವಾ ಮುಗಿಯಿತು. ನನ್ನ ಪ್ರಕಾರ ನಮಗೆ ಕೊಡಬೇಕಾದದ್ದು ಕೆಟ್ಟ ಗಾಡಿ ಮತ್ತು ಅದರ ಮಾಲೀಕನ ದೂರು. ರಿಪೇರಿ ಮಾಡದಿದ್ದರೂ ಪರವಾಗಿಲ್ಲ. ಏನೆಂದು ಅನುಮಾನಿಸಿದೆವು, ಯಾವ ಪರೀಕ್ಷೆಯಿಂದ ಆ ಅನುಮಾನ ಸುಳ್ಳಾಯಿತು ಎಂದು ಬರೆದುದಕ್ಕೆ ಅಂಕ ಕೊಡಲಿ. ಮೊದಲ ಊಹೆಯೇ ಸರಿಯಾದವನಿಗಿಂತ ಮೂರು ಊಹೆ ಅಳಿಸಿದವನಿಗೆ ಹೆಚ್ಚು ಅಂಕ ಸಿಗಲಿ.

‘ಇವಿ ಕಾಲದಲ್ಲಿ ಟ್ರಾನ್ಸ್‌ಫರ್ ಕೇಸ್ ಯಾರಿಗೆ ಬೇಕೋ?’ ಎಂದು ಹಾಸ್ಟೆಲ್ ಗೆಳೆಯ ನಗುತ್ತಾನೆ. ನಿಜ, ಎರಡು ಆಕ್ಸಲ್‌ಗೆ ಎರಡು ಮೋಟರ್ ಇಟ್ಟರೆ ಅದು ಬೇಡ. ಆದರೆ ಅಲ್ಲೂ ಬೇರಿಂಗ್ ಇದೆ, ಸೀಲ್ ಇದೆ. ಒಂದು ಕಡೆ ಕೆಟ್ಟದ್ದು ಇನ್ನೊಂದು ಕಡೆ ಕಾಣಿಸಿಕೊಳ್ಳುವ ಚಾಳಿ ಅಲ್ಲೂ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ಮುಂದೆ ಬಂದು ನಿಲ್ಲುವುದು ಚಿತ್ರವಲ್ಲ, ದೂರು.

ಜೀಪು ಈಗ ಅದೇ ದಿಬ್ಬದಲ್ಲಿ ಅಲ್ಲಾಡದೆ ನಿಲ್ಲುತ್ತದೆ. ದೊಡ್ಡಮ್ಮ ಮಾತ್ರ ಚಕ್ರದ ಹಿಂದೆ ಕಲ್ಲಿಡದೆ ಮೂಟೆ ಮುಟ್ಟುವುದಿಲ್ಲ. ಕಲ್ಲು ತಂದುಕೊಡುವ ಕೆಲಸ ನನ್ನದು.