ವರ್ಷಕ್ಕೊಮ್ಮೆ ಬರುತ್ತಿದ್ದ ಹಾಡುಗಳು

1962ರ ಡಿಸೆಂಬರ್ 18ರಂದು ಅಮೆರಿಕದ ಎನ್‌ಬಿಸಿ ವಾಹಿನಿ ‘ಮಿಸ್ಟರ್ ಮಗೂಸ್ ಕ್ರಿಸ್‌ಮಸ್ ಕ್ಯಾರಲ್’ ಎಂಬ ಅನಿಮೇಷನ್ ಚಿತ್ರವನ್ನು ಪ್ರಸಾರ ಮಾಡಿತು. ಟೆಲಿವಿಷನ್ನಿಗೆಂದೇ ತಯಾರಾದ ಮೊದಲ ಅನಿಮೇಷನ್ ಕ್ರಿಸ್‌ಮಸ್ ಚಿತ್ರವೆಂದು ಹೆಸರಾದದ್ದು ಇದೇ. ಕಣ್ಣು ಮಂಜಾದ ಮುದುಕ ಮಗೂ ಇದರಲ್ಲಿ ಚಾರ್ಲ್ಸ್ ಡಿಕನ್ಸನ ಜಿಪುಣ ಸ್ಕ್ರೂಜ್‌ನ ವೇಷ ಹಾಕುತ್ತಾನೆ. ಹಾಡು ಕಟ್ಟಿದವರು ಬ್ರಾಡ್‌ವೇ ರಂಗಭೂಮಿಯ ಜೂಲ್ ಸ್ಟೈನ್ ಮತ್ತು ಬಾಬ್ ಮೆರಿಲ್. ಎರಡು ವರ್ಷಗಳ ನಂತರ ‘ಫನ್ನಿ ಗರ್ಲ್’ ಸಂಗೀತನಾಟಕಕ್ಕೆ ಹಾಡು ಬರೆದದ್ದೂ ಇದೇ ಜೋಡಿ. ಮಕ್ಕಳ ಕಾರ್ಯಕ್ರಮ ತಾನೇ, ಹೇಗೋ ನಡೆಯುತ್ತದೆ ಎಂಬ ಉದಾಸೀನ ಆ ಹಾಡುಗಳಲ್ಲಿ ಎಲ್ಲಿಯೂ ಇಲ್ಲ.

ಮುಂದಿನ ಎಂಟು ವರ್ಷಗಳಲ್ಲಿ ಬಂದವೇ ‘ರುಡಾಲ್ಫ್’, ‘ಚಾರ್ಲಿ ಬ್ರೌನ್’, ‘ಗ್ರಿಂಚ್’, ‘ಫ್ರಾಸ್ಟಿ’, ‘ಸಾಂಟಾ ಕ್ಲಾಸ್ ಈಸ್ ಕಮಿಂಗ್ ಟು ಟೌನ್’. ಒಂದೊಂದೂ ಅರ್ಧ ಗಂಟೆ ಅಥವಾ ಒಂದು ಗಂಟೆಯ ಚಿತ್ರ. ಅವನ್ನು ಮೊದಲ ಸಲ ನೋಡಿದ ಮಕ್ಕಳು ಈಗ ಅಜ್ಜ-ಅಜ್ಜಿಯರಾಗಿದ್ದಾರೆ. ಡಿಸೆಂಬರ್ ಬಂತೆಂದರೆ ಆ ಧಾಟಿಗಳು ಅಂಗಡಿಗಳಲ್ಲಿ, ರೇಡಿಯೊದಲ್ಲಿ, ಶಾಲೆಯ ವೇದಿಕೆಗಳಲ್ಲಿ ಮತ್ತೆ ಕೇಳಿಸುತ್ತವೆ. ಈ ಹಳಹಳಿಕೆಯನ್ನು ಮುದುಕರ ಬಾಲ್ಯಮೋಹವೆಂದು ತಳ್ಳಿಹಾಕುವವರಿದ್ದಾರೆ. ಆ ಚಿತ್ರಗಳು ಹೇಗೆ ತಯಾರಾದವು, ಜನ ಅವನ್ನು ಹೇಗೆ ನೋಡಿದರು ಎಂಬುದನ್ನು ಬಲ್ಲವರು ಹಾಗೆ ತಳ್ಳಿಹಾಕಲಾರರು.

ನೋಡುವ ಬಗೆಯೇ ಆಗ ಬೇರೆಯಿತ್ತು. ಅಮೆರಿಕದಲ್ಲಿ ಇದ್ದದ್ದು ಮೂರು ದೊಡ್ಡ ವಾಹಿನಿಗಳು. ಮನೆಯಲ್ಲಿ ಮುದ್ರಿಸಿಟ್ಟುಕೊಳ್ಳುವ ಯಂತ್ರ ಇರಲಿಲ್ಲ. ಒಂದು ಚಿತ್ರ ವರ್ಷಕ್ಕೆ ಒಂದೇ ರಾತ್ರಿ ಬರುತ್ತಿತ್ತು, ಆ ರಾತ್ರಿ ತಪ್ಪಿದರೆ ಮುಂದಿನ ಡಿಸೆಂಬರ್‌ವರೆಗೆ ಕಾಯಬೇಕಿತ್ತು. ಎಪ್ಪತ್ತರ ದಶಕದಲ್ಲಿ ಸಿಬಿಎಸ್ ವಾಹಿನಿ ಇಂಥ ಕಾರ್ಯಕ್ರಮಕ್ಕೆ ಮುನ್ನ ‘ಸ್ಪೆಷಲ್’ ಎಂಬ ಪದವನ್ನು ಬಣ್ಣಬಣ್ಣವಾಗಿ ಗಿರ್ರನೆ ತಿರುಗಿಸಿ, ಜೊತೆಗೆ ಡ್ರಮ್ಮಿನ ಒಂದು ತುಣುಕನ್ನು ನುಡಿಸುತ್ತಿತ್ತು. ಕೆಲವೇ ಕ್ಷಣಗಳ ಆ ಸದ್ದು ಕೇಳಿದರೆ ಸಾಕು, ಆ ಕಾಲದಲ್ಲಿ ಬೆಳೆದವರಿಗೆ ಇಡೀ ಡಿಸೆಂಬರ್ ಕಣ್ಣೆದುರು ಬರುತ್ತದೆ. ಒಂದೇ ಗಳಿಗೆಯಲ್ಲಿ ದೇಶದ ಮಕ್ಕಳೆಲ್ಲ ಒಂದೇ ಹಾಡು ಕೇಳುತ್ತಿದ್ದರು, ಮರುದಿನ ಶಾಲೆಯಲ್ಲಿ ಅದೇ ಮಾತು.

ಇವುಗಳಲ್ಲಿ ಅತಿ ದೀರ್ಘಕಾಲದಿಂದ ಪ್ರತಿವರ್ಷ ಪ್ರಸಾರವಾಗುತ್ತ ಬಂದದ್ದು ‘ರುಡಾಲ್ಫ್ ದ ರೆಡ್-ನೋಸ್ಡ್ ರೇನ್‌ಡಿಯರ್’. ಅದರ ಕಥೆ ಹುಟ್ಟಿದ್ದು ಟೆಲಿವಿಷನ್ನಿಗಿಂತ ಬಹಳ ಹಿಂದೆ, ಒಂದು ಅಂಗಡಿಯ ಜಾಹೀರಾತು ವಿಭಾಗದಲ್ಲಿ. ಷಿಕಾಗೋದ ಮಾಂಟ್‌ಗಮರಿ ವಾರ್ಡ್ ಕಂಪನಿ 1939ರ ಕ್ರಿಸ್‌ಮಸ್‌ಗೆ ಗಿರಾಕಿಗಳ ಮಕ್ಕಳಿಗೆ ಹಂಚಲು ಒಂದು ಪುಸ್ತಿಕೆ ಬಯಸಿತು. ಬರೆಯುವ ಕೆಲಸ ಬಿದ್ದದ್ದು ರಾಬರ್ಟ್ ಮೇ ಎಂಬ ನೌಕರನಿಗೆ. ಆ ವರ್ಷವೇ ಅವನ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಪುಟ್ಟ ಮಗಳನ್ನು ಇಟ್ಟುಕೊಂಡು ಅವನು ಕಥೆ ಮುಗಿಸಿದ. ಕೆಂಪು ಮೂಗಿನಿಂದಾಗಿ ಎಲ್ಲರ ಗೇಲಿಗೆ ಗುರಿಯಾದ ಹಿಮಸಾರಂಗದ ಮರಿ, ಮಂಜು ಕವಿದ ರಾತ್ರಿ ಸಾಂಟಾನ ಬಂಡಿಗೆ ದಾರಿ ತೋರಿಸುವ ಕಥೆ ಅದು. ಆ ಒಂದೇ ವರ್ಷ ಸುಮಾರು 24 ಲಕ್ಷ ಪ್ರತಿಗಳು ಹಂಚಿಕೆಯಾದವು. 1947ರಲ್ಲಿ ಕಂಪನಿ ಹಕ್ಕನ್ನು ಮೇಗೇ ಬಿಟ್ಟುಕೊಟ್ಟಿತು. ಅವನ ತಂಗಿಯ ಗಂಡ ಜಾನಿ ಮಾರ್ಕ್ಸ್ ಅದನ್ನು ಹಾಡಾಗಿಸಿದರು. 1949ರಲ್ಲಿ ಜೀನ್ ಆಟ್ರಿ ಹಾಡಿದ ಮೇಲೆ ಅದು ಮನೆಮನೆಯ ಹಾಡಾಯಿತು. ಮೇ ಮತ್ತು ಮಾರ್ಕ್ಸ್ ಇಬ್ಬರೂ ಯೆಹೂದಿ ಮನೆತನದವರು; ಅಮೆರಿಕದ ಎಷ್ಟೋ ಕ್ರಿಸ್‌ಮಸ್ ಹಾಡುಗಳು ಹೀಗೆ ಆ ಹಬ್ಬ ತಮ್ಮದಲ್ಲದವರ ಕೈಯಿಂದ ಬಂದಿವೆ.

ಈ ಹಾಡನ್ನು ಚಿತ್ರವಾಗಿ ಹಿಗ್ಗಿಸಿದವರು ಆರ್ಥರ್ ರ‍್ಯಾಂಕಿನ್ ಮತ್ತು ಜೂಲ್ಸ್ ಬ್ಯಾಸ್. ಚಿತ್ರಕಥೆ ರೋಮಿಯೊ ಮುಲ್ಲರ್ ಅವರದು. ಮಾತು ಮತ್ತು ಹಾಡುಗಳನ್ನು ಮೊದಲು ಮುದ್ರಿಸಿಕೊಂಡರು. ಕಂಠ ಕೊಟ್ಟವರಲ್ಲಿ ಹೆಚ್ಚಿನವರು ಕೆನಡಾದ ಕಲಾವಿದರು. ಆಮೇಲೆ ಕೆಲಸವೆಲ್ಲ ನಡೆದದ್ದು ಟೋಕಿಯೊದಲ್ಲಿ, ತಡಾಹಿಟೊ ಮೊಚಿನಾಗಾ ಅವರ ಸ್ಟುಡಿಯೊದಲ್ಲಿ. ಮೊಚಿನಾಗಾ ಅದಕ್ಕೆ ಮುಂಚೆ ಚೀನಾದಲ್ಲಿಯೂ ಗೊಂಬೆ ಅನಿಮೇಷನ್ನಿಗೆ ಬುನಾದಿ ಹಾಕಿಬಂದವರು. ಪುಟ್ಟ ಗೊಂಬೆಗಳ ಕಾಲು, ಕಿವಿ, ಕಣ್ಣುರೆಪ್ಪೆಗಳನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು. ಆ ಗೊಂಬೆಗಳ ನಡಿಗೆಯಲ್ಲಿ ಒಂದು ಸಣ್ಣ ತಡವರಿಕೆ ಉಳಿದಿದೆ. ಕಂಪ್ಯೂಟರಿನ ನಯವಾದ ಚಲನೆ ನೋಡಿ ಬೆಳೆದ ಕಣ್ಣಿಗೂ ಅದು ಹಿತವೆನಿಸುತ್ತದೆ, ಏಕೆಂದರೆ ಅದರಲ್ಲಿ ಮನುಷ್ಯನ ಬೆರಳು ಕಾಣುತ್ತದೆ.

ಚಿತ್ರ 1964ರ ಡಿಸೆಂಬರ್ 6ರಂದು ಎನ್‌ಬಿಸಿಯಲ್ಲಿ, ಜನರಲ್ ಎಲೆಕ್ಟ್ರಿಕ್ ಪ್ರಾಯೋಜಕತ್ವದಲ್ಲಿ ಬಂತು. ಹಕ್ಕುಸ್ವಾಮ್ಯದ ಸಾಲಿನಲ್ಲಿ ರೋಮನ್ ಅಂಕಿಯ ಒಂದು ಅಕ್ಷರ ಬಿಟ್ಟುಹೋಗಿ 1964ರ ಬದಲು 1164 ಎಂದಾಗಿತ್ತು. ಹಿಮದ ಗೊಂಬೆ ಸ್ಯಾಮ್‌ನ ಧ್ವನಿ ಜಾನಪದ ಗಾಯಕ ಬರ್ಲ್ ಐವ್ಸ್ ಅವರದು. ಜಾನಿ ಮಾರ್ಕ್ಸ್ ಬರೆದ ‘ಎ ಹಾಲಿ ಜಾಲಿ ಕ್ರಿಸ್‌ಮಸ್’ ಮತ್ತು ‘ಸಿಲ್ವರ್ ಅಂಡ್ ಗೋಲ್ಡ್’ ಅವರ ಗಂಟಲಲ್ಲಿ ಶಾಶ್ವತವಾದವು. ಆದರೆ ಮಕ್ಕಳ ಮನಸ್ಸಿನಲ್ಲಿ ನೆಟ್ಟದ್ದು ಯಾರಿಗೂ ಬೇಡವಾದ ಆಟಿಕೆಗಳ ದ್ವೀಪ. ಚೌಕ ಗಾಲಿಯ ರೈಲು, ಮೈತುಂಬ ಚುಕ್ಕೆಯ ಆನೆ, ನೀರಿಗೆ ಬದಲು ಜೆಲ್ಲಿ ಚಿಮ್ಮುವ ಪಿಸ್ತೂಲು ಅಲ್ಲಿ ಕೂತು ಯಾರಾದರೂ ಕರೆದೊಯ್ದಾರೇ ಎಂದು ಕಾಯುತ್ತವೆ. ಮೊದಲ ಪ್ರಸಾರದಲ್ಲಿ ಸಾಂಟಾ ಅವನ್ನು ಕರೆದೊಯ್ಯುವ ದೃಶ್ಯವೇ ಇರಲಿಲ್ಲ. ಪ್ರೇಕ್ಷಕರು ಸಿಟ್ಟಾಗಿ ಕಾಗದ ಬರೆದರು. ಮರುವರ್ಷ ಹೊಸ ದೃಶ್ಯ ಸೇರಿತು, ಆಟಿಕೆಗಳಿಗೆ ಮನೆ ಸಿಕ್ಕಿತು. ಒಂದು ಚಿತ್ರದ ಮುಕ್ತಾಯವನ್ನೇ ನೋಡುಗರ ಕರುಳು ತಿದ್ದಿದ ಉದಾಹರಣೆ ಟೆಲಿವಿಷನ್ ಚರಿತ್ರೆಯಲ್ಲಿ ಅಪರೂಪ.

ಚಿತ್ರದ ಎರಡು ಗೊಂಬೆಗಳು, ಸುಮಾರು ಆರು ಅಂಗುಲದ ರುಡಾಲ್ಫ್ ಮತ್ತು ಹನ್ನೊಂದು ಅಂಗುಲದ ಸಾಂಟಾ, ನಿರ್ಮಾಣ ಸಂಸ್ಥೆಯ ನೌಕರರೊಬ್ಬರ ಮನೆ ಸೇರಿದ್ದವು. ವರ್ಷವರ್ಷವೂ ಕ್ರಿಸ್‌ಮಸ್ ಮರದ ಬುಡದಲ್ಲಿ ಅವನ್ನು ಇಡುತ್ತಿದ್ದರು. ರುಡಾಲ್ಫ್‌ನ ಕೆಂಪು ಮೂಗು ಉದುರಿತು, ಸಾಂಟಾನ ಅರ್ಧ ಮೀಸೆ ಹೋಯಿತು. ದುರಸ್ತಿಯಾದ ಮೇಲೆ 2020ರ ಹರಾಜಿನಲ್ಲಿ ಅವುಗಳಿಗೆ 3,68,000 ಡಾಲರ್ ಬಂತು. ಕೊಂಡವರು ಅಟ್ಲಾಂಟಾದ ಸೆಂಟರ್ ಫಾರ್ ಪಪೆಟ್ರಿ ಆರ್ಟ್ಸ್ ಎಂಬ ಗೊಂಬೆಯಾಟದ ಕೇಂದ್ರಕ್ಕೆ ಅವನ್ನು ದಾನ ಕೊಟ್ಟರು.

‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಪ್ರಸಾರವಾದದ್ದು 1965ರ ಡಿಸೆಂಬರ್ 9ರಂದು, ಸಿಬಿಎಸ್‌ನಲ್ಲಿ. ಪ್ರಾಯೋಜಕರು ಕೋಕ-ಕೋಲಾ. ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಷುಲ್ಟ್ಜ್, ನಿರ್ಮಾಪಕ ಲೀ ಮೆಂಡೆಲ್ಸನ್, ನಿರ್ದೇಶಕ ಬಿಲ್ ಮೆಲೆಂಡೆಜ್ ಸೇರಿ ಸುಮಾರು ಆರು ತಿಂಗಳಲ್ಲಿ ಮುಗಿಸಿದ ಕೆಲಸ ಇದು. ರೂಢಿಯನ್ನು ಅವರು ಎಲ್ಲ ಕಡೆಯೂ ಮುರಿದರು. ಪಾತ್ರಗಳಿಗೆ ಮಕ್ಕಳೇ ಮಾತಾಡಿದರು. ಸ್ಯಾಲಿಯ ಪಾತ್ರ ಮಾಡಿದ ಹುಡುಗಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಒಂದೊಂದೇ ತುಣುಕನ್ನು ಹೇಳಿಕೊಟ್ಟು ಮುದ್ರಿಸಿಕೊಂಡರು. ಹಾಸ್ಯ ಕಾರ್ಯಕ್ರಮಗಳಿಗೆ ಆಗ ಕಡ್ಡಾಯವೆಂಬಂತಿದ್ದ ನಗುವಿನ ಧ್ವನಿಪಟ್ಟಿ ಬೇಡವೆಂದು ಷುಲ್ಟ್ಜ್ ಹಟ ಹಿಡಿದರು. ಕಥೆಯೋ, ಹಬ್ಬ ಹತ್ತಿರ ಬಂದರೂ ಮನಸ್ಸಿಗೆ ಸಂತೋಷವಿಲ್ಲವೆಂದು ಒದ್ದಾಡುವ ಒಬ್ಬ ಹುಡುಗನದು. ಅಲ್ಯೂಮಿನಿಯಂ ಮರಗಳ ಸಂತೆಯಲ್ಲಿ ಅವನು ಆರಿಸಿಕೊಳ್ಳುವುದು ಸೊರಗಿದ, ಮುಳ್ಳೆಲೆ ಉದುರುವ ಒಂದು ಪುಟ್ಟ ನಿಜ ಮರ.

ಪ್ರೇಕ್ಷಕರಿಗೆ ಇದು ಹಿಡಿಸಲಾರದೆಂದು ವಾಹಿನಿಯ ಅಧಿಕಾರಿಗಳು ಮುಖ ಸಿಂಡರಿಸಿದ್ದರು. ಗತಿ ನಿಧಾನ, ಮಕ್ಕಳ ಚಿತ್ರಕ್ಕೆ ಜಾಝ್ ಯಾಕೆ, ಬೈಬಲ್ ಯಾಕೆ ಎಂಬುದು ಆಕ್ಷೇಪ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಿಂದ ಕೆಲವು ವಾಕ್ಯಗಳನ್ನು ಲೈನಸ್ ಎಂಬ ಪುಟ್ಟ ಹುಡುಗ ಖಾಲಿ ವೇದಿಕೆಯ ಮೇಲೆ ಒಬ್ಬನೇ ನಿಂತು ಒಪ್ಪಿಸುತ್ತಾನೆ. ಸದಾ ಬಿಡದೆ ಹಿಡಿದುಕೊಂಡೇ ಇರುವ ಕಂಬಳಿಯನ್ನು, ಹೆದರಬೇಡಿ ಎಂದು ದೇವದೂತ ಹೇಳುವ ಮಾತಿಗೆ ಬಂದಾಗ ಕೈಬಿಡುತ್ತಾನೆ. ಯಾರೂ ಅದನ್ನು ಬೆರಳಿಟ್ಟು ತೋರಿಸುವುದಿಲ್ಲ, ಕ್ಯಾಮೆರಾ ಹತ್ತಿರ ಹೋಗುವುದಿಲ್ಲ. ವರ್ಷಗಟ್ಟಲೆ ನೋಡಿದವರು ಎಷ್ಟೋ ಸಲದ ನಂತರ ಅದನ್ನು ಗಮನಿಸುತ್ತಾರೆ. ಪ್ರಸಾರದ ರಾತ್ರಿ ಟಿವಿ ಹಾಕಿದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳು ಇದನ್ನೇ ನೋಡಿದವು. ಎಮ್ಮಿ, ಪೀಬಡಿ ಪ್ರಶಸ್ತಿಗಳೂ ಬಂದವು.

ಸಂಗೀತ ಸ್ಯಾನ್ ಫ್ರಾನ್ಸಿಸ್ಕೊದ ಪಿಯಾನೊ ವಾದಕ ವಿನ್ಸ್ ಗರಾಲ್ಡಿ ಅವರದು. ಗೋಲ್ಡನ್ ಗೇಟ್ ಸೇತುವೆ ದಾಟುವಾಗ ಕಾರಿನ ರೇಡಿಯೊದಲ್ಲಿ ಗರಾಲ್ಡಿಯ ಒಂದು ಕೃತಿ ಕೇಳಿಯೇ ಮೆಂಡೆಲ್ಸನ್ ಅವರನ್ನು ಹುಡುಕಿ ಹೋದದ್ದು. ‘ಕ್ರಿಸ್‌ಮಸ್ ಟೈಮ್ ಈಸ್ ಹಿಯರ್’ ಮೊದಲಿಗೆ ಬರೀ ವಾದ್ಯದ ಧಾಟಿ. ಸಾಹಿತ್ಯ ಬರೆಯಲು ಯಾರೂ ಸಿಗದೆ, ಮೆಂಡೆಲ್ಸನ್ ತಾವೇ ಒಂದು ಲಕೋಟೆಯ ಹಿಂಬದಿಯಲ್ಲಿ ಕೆಲವು ನಿಮಿಷಗಳಲ್ಲಿ ಬರೆದು ಮುಗಿಸಿದರು. ಹಾಡಿದವರು ಸ್ಯಾನ್ ರಫೇಲ್‌ನ ಸೇಂಟ್ ಪಾಲ್ಸ್ ಎಪಿಸ್ಕೋಪಲ್ ಚರ್ಚಿನ ಮಕ್ಕಳು. ತೀಡಿ ತಿದ್ದಿದ ಗಾಯನ ಗರಾಲ್ಡಿಗೆ ಬೇಡವಾಗಿತ್ತು, ಮಕ್ಕಳು ಮಕ್ಕಳ ಹಾಗೆಯೇ ಕೇಳಿಸಬೇಕಿತ್ತು. ಶ್ರುತಿ ಅಲ್ಲಲ್ಲಿ ಒಂದಿಷ್ಟು ಜಾರುತ್ತದೆ. ಆ ಜಾರುವಿಕೆಯಿಂದಲೇ ಹಾಡಿಗೆ ಚಳಿಗಾಲದ ಸಂಜೆಯ ಬೇಸರ ಬಂದಿದೆ. ಹಬ್ಬದ ಹಾಡಿಗೆ ಇಷ್ಟು ವಿಷಾದದ ಧಾಟಿ ಕೊಟ್ಟವರು ಕಡಿಮೆ. ಈ ಸಂಗೀತದ ಆಲ್ಬಂ 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿತು. ಗರಾಲ್ಡಿ ಅಷ್ಟರಲ್ಲಿ ತೀರಿಕೊಂಡು ಮೂರೂವರೆ ದಶಕ ಕಳೆದಿತ್ತು.

1966ರ ಡಿಸೆಂಬರ್ 18ರಂದು ಬಂದ ‘ಹೌ ದ ಗ್ರಿಂಚ್ ಸ್ಟೋಲ್ ಕ್ರಿಸ್‌ಮಸ್’ ಡಾಕ್ಟರ್ ಸ್ಯೂಸ್ 1957ರಲ್ಲಿ ಬರೆದ ಪುಸ್ತಕದ ರೂಪ. ಹಬ್ಬದ ಸದ್ದು ಸಹಿಸಲಾಗದ ಒಂಟಿಜೀವಿ ಗ್ರಿಂಚ್‌ಗೆ ಪುಸ್ತಕದಲ್ಲಿ ಹಸಿರು ಬಣ್ಣ ಇರಲಿಲ್ಲ, ಅದನ್ನು ಬಳಿದವರು ನಿರ್ದೇಶಕ ಚಕ್ ಜೋನ್ಸ್. ನಿರೂಪಣೆ, ಫ್ರಾಂಕೆನ್‌ಸ್ಟೈನ್‌ನ ಭೂತವಾಗಿ ಪ್ರಸಿದ್ಧರಾದ ಬೋರಿಸ್ ಕಾರ್ಲಾಫ್ ಅವರದು. ಗ್ರಿಂಚ್‌ನನ್ನು ಬಯ್ಯುವ ಹಾಡಿನ ಸಾಹಿತ್ಯ ಸ್ಯೂಸ್ ಅವರದೇ, ಸಂಗೀತ ಆಲ್ಬರ್ಟ್ ಹೇಗ್ ಅವರದು. ಪಾತಾಳದಿಂದ ಎದ್ದು ಬಂದಂತಿರುವ ಆ ಧ್ವನಿ ಥರ್ಲ್ ರೇವನ್ಸ್‌ಕ್ರಾಫ್ಟ್ ಎಂಬ ಗಾಯಕನದು, ಆದರೆ ಅವರ ಹೆಸರು ಪರದೆಯ ಮೇಲೆ ಬರಲಿಲ್ಲ. ಹಾಡಿದ್ದೂ ಕಾರ್ಲಾಫ್ ಎಂದೇ ಜನ ತಿಳಿದರು. ಸ್ಯೂಸ್ ಪತ್ರಿಕೆಗಳ ಅಂಕಣಕಾರರಿಗೆ ಕಾಗದ ಬರೆದು ಗಾಯಕನ ಹೆಸರು ತಿಳಿಸಿದರು.

ಮಿಕ್ಕವನ್ನು ಬೇಗ ಹೇಳಿಬಿಡಬಹುದು. 1969ರ ‘ಫ್ರಾಸ್ಟಿ ದ ಸ್ನೋಮ್ಯಾನ್’ಗೆ ಮೂಲ 1950ರಲ್ಲಿ ಬಂದ ಹಾಡು, ಅದನ್ನೂ ಮೊದಲು ಹಾಡಿದವರು ಜೀನ್ ಆಟ್ರಿ. ಶುಭಾಶಯ ಪತ್ರಗಳ ಚಿತ್ರಕಾರ ಪಾಲ್ ಕೋಕರ್ ಪಾತ್ರಗಳ ವಿನ್ಯಾಸ ಮಾಡಿದರು, ಒಸಾಮು ತೆಜುಕಾ ಸ್ಥಾಪಿಸಿದ ಮುಶಿ ಸ್ಟುಡಿಯೊ ಅದಕ್ಕೆ ಚಲನೆ ಕೊಟ್ಟಿತು. 1970ರ ‘ಸಾಂಟಾ ಕ್ಲಾಸ್ ಈಸ್ ಕಮಿಂಗ್ ಟು ಟೌನ್’ ಚಿತ್ರದಲ್ಲಿ ಫ್ರೆಡ್ ಆಸ್ಟೇರ್ ಅಂಚೆಯವನಾಗಿ ಕಥೆ ಹೇಳುತ್ತಾರೆ. 1974ರ ‘ದ ಇಯರ್ ವಿದೌಟ್ ಎ ಸಾಂಟಾ ಕ್ಲಾಸ್’ ಚಿತ್ರದಲ್ಲಿ ಚಳಿ-ಸೆಕೆಗಳ ಅಣ್ಣತಮ್ಮಂದಿರು ಹಾಡುವ ಜೋಡಿ ಹಾಡೊಂದನ್ನು ಬಿಟ್ಟರೆ ಚಿತ್ರವಾಗಿ ಅದು ಸಾಧಾರಣ.

ಬ್ರಿಟನ್ನಿನ ಪಾಲಿಗೆ ಇಂಥ ನೆನಪು ಒಂದೇ ಚಿತ್ರದಲ್ಲಿ ಕೂಡಿಕೊಂಡಿದೆ. ಚಾನೆಲ್ 4 ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ. 1982ರ ಡಿಸೆಂಬರ್ 26ರಂದು ‘ದ ಸ್ನೋಮ್ಯಾನ್’ ಪ್ರಸಾರವಾಯಿತು. ರೇಮಂಡ್ ಬ್ರಿಗ್ಸ್ 1978ರಲ್ಲಿ ತಂದ, ಮಾತಿಲ್ಲದ ಚಿತ್ರಪುಸ್ತಕ ಅದಕ್ಕೆ ಆಧಾರ. ಕ್ರಿಸ್‌ಮಸ್‌ನ ಸುದ್ದಿ ಪುಸ್ತಕದಲ್ಲಿಲ್ಲ, ಚಿತ್ರದಲ್ಲಿ ಸೇರಿದ್ದು. ಕಥೆಯೊಳಗೆ ಮಾತೇ ಇಲ್ಲದ ಆ ಚಿತ್ರದಲ್ಲಿ, ಹುಡುಗ ಮತ್ತು ಹಿಮದ ಗೊಂಬೆ ಹಾರಿಹೋಗುವಾಗ ಮಾತ್ರ ಹೋವರ್ಡ್ ಬ್ಲೇಕ್ ರಚಿಸಿದ ‘ವಾಕಿಂಗ್ ಇನ್ ದ ಏರ್’ ಕೇಳಿಸುತ್ತದೆ. ಹಾಡಿದವನು ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ಲಿನ ಗಾಯಕ ಬಾಲಕ ಪೀಟರ್ ಆಟಿ. ಅವನ ಹೆಸರೂ ಮೂಲ ಪ್ರತಿಯಲ್ಲಿ ಇರಲಿಲ್ಲ. 1985ರಲ್ಲಿ ಆಲೆಡ್ ಜೋನ್ಸ್ ಹಾಡಿದ ಮುದ್ರಿಕೆ ಬ್ರಿಟನ್ನಿನಲ್ಲಿ ಐದನೆಯ ಸ್ಥಾನಕ್ಕೇರಿದ್ದರಿಂದ ಚಿತ್ರದಲ್ಲಿ ಹಾಡಿದವನೂ ಅವನೇ ಎಂಬ ತಪ್ಪು ತಿಳಿವಳಿಕೆ ಬಹುಕಾಲ ಉಳಿಯಿತು. ಕೊನೆಗೆ ಬೆಳಗಾಗುತ್ತದೆ, ಗೊಂಬೆ ಕರಗಿರುತ್ತದೆ, ಹುಡುಗ ಹಿಮದಲ್ಲಿ ಮಂಡಿಯೂರುತ್ತಾನೆ. ಸುಖಾಂತವನ್ನು ಹೊಲಿದು ಸೇರಿಸುವ ಜಾಯಮಾನ ಬ್ರಿಗ್ಸ್‌ದಾಗಿರಲಿಲ್ಲ.

ಈ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಉಳಿದುಕೊಂಡಿರುವ ಪ್ರತಿಯೊಂದರ ನಡುವೆಯೂ ದುಃಖಕ್ಕೆ ಜಾಗವಿದೆ: ಗೇಲಿಗೊಳಗಾದ ಮರಿ, ಖಿನ್ನನಾದ ಹುಡುಗ, ಹಬ್ಬದ ಸದ್ದು ಸಹಿಸಲಾಗದ ಒಂಟಿ, ಕರಗಿಹೋಗುವ ಗೆಳೆಯ. ಹಬ್ಬದ ದಿನವೂ ಮನೆಯ ಮೂಲೆಯಲ್ಲಿ ಒಬ್ಬರು ಸಪ್ಪಗೆ ಕೂತಿರುತ್ತಾರೆಂಬುದು ಮಕ್ಕಳಿಗೂ ಗೊತ್ತು. ಅದನ್ನು ಮುಚ್ಚಿಡದೆ ಹಾಡಿದ್ದರಿಂದ ಮಕ್ಕಳು ಅವನ್ನು ನಂಬಿದರು. ಅದೇ ಕಾಲದಲ್ಲಿ ಬಂದು ಬರೀ ನಕ್ಕು ನಗಿಸಿ ಹೋದ ಎಷ್ಟೋ ಕಾರ್ಯಕ್ರಮಗಳ ಹೆಸರು ಇಂದು ಯಾರಿಗೂ ನೆನಪಿಲ್ಲ.

ಕಾಯುವ ಸುಖ ಮಾತ್ರ ಹೋಯಿತು. ಮನೆಯಲ್ಲಿ ಕಾರ್ಯಕ್ರಮ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪು ಕೊಟ್ಟಿತು. ಕ್ಯಾಸೆಟ್ಟು, ಡಿವಿಡಿ ಬಂದ ಮೇಲೆ ಜುಲೈಯಲ್ಲೂ ರುಡಾಲ್ಫ್ ನೋಡಬಹುದಾಯಿತು. ವಾಹಿನಿಗಳು ಹೆಚ್ಚುವರಿ ಜಾಹೀರಾತಿಗೆ ಜಾಗ ಮಾಡಲು ‘ಚಾರ್ಲಿ ಬ್ರೌನ್’ ಚಿತ್ರದ ತುಣುಕುಗಳನ್ನು ಕತ್ತರಿಸಿದವು, ಅದು ಅಕ್ಷಮ್ಯ. 2020ರಲ್ಲಿ ಆ ಚಿತ್ರದ ಹಕ್ಕು ಆಪಲ್ ಟಿವಿ ಪ್ಲಸ್‌ಗೆ ಹೋದಾಗ ಜನ ಪ್ರತಿಭಟಿಸಿದರು, ಸಾರ್ವಜನಿಕ ವಾಹಿನಿ ಪಿಬಿಎಸ್ ಎರಡು ವರ್ಷ ಅದನ್ನು ಜಾಹೀರಾತಿಲ್ಲದೆ ತೋರಿಸಿತು. 2022ರಲ್ಲಿ ಅದೂ ನಿಂತಿತು. ಚಂದಾ ಇಲ್ಲದವರಿಗಾಗಿ ಆಪಲ್ ಡಿಸೆಂಬರ್‌ನಲ್ಲಿ ಒಂದೆರಡು ದಿನ ಉಚಿತವಾಗಿ ತೆರೆದಿಡುವ ಪದ್ಧತಿ ಬಂದಿದೆ. ದಶಕಗಳ ಕಾಲ ಸಿಬಿಎಸ್‌ನಲ್ಲಿದ್ದ ‘ರುಡಾಲ್ಫ್’ ಮಾತ್ರ 2024ರ ಡಿಸೆಂಬರ್ 6ರಂದು, ಮೊದಲ ಪ್ರಸಾರಕ್ಕೆ ಸರಿಯಾಗಿ 60 ವರ್ಷ ತುಂಬಿದ ದಿನ, ಎನ್‌ಬಿಸಿಗೆ ಮರಳಿತು.