ಬೀಗ ಹಾಕುವ ಮೊದಲು

“ಅಲ್ರೀ, ಆ ಕೋಣ್ಯಾಗ ಹುಡುಗ್ರು ಮಾಡೋದಾದ್ರೂ ಏನು? ಪೇಂಟ್‌ನಾಗ ಗೀಚ್ತಾವ, ಇಲ್ಲಾಂದ್ರ ಗೇಮ್ ಹುಡುಕ್ತಾವ. ಆ ಪೀರಿಯಡ್ ಗಣಿತಕ್ಕ ಕೊಟ್ರ ನಾಕು ಮಂದಿ ಪಾಸಾದ್ರೂ ಆಗ್ತಾರ.” ರಾರಾವಿ, ಸಿರುಗುಪ್ಪದ ಕಡೆ ಶಾಲೆಯ ಕಂಪ್ಯೂಟರ್ ಕೋಣೆಯ ಮಾತೆತ್ತಿದರೆ ಬರುವ ಉತ್ತರ ಇದು. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗಿನ ಸಾಲಿನಲ್ಲೇ ಕಾಣುವಾಗ ಈ ಸಿಟ್ಟು ಸಹಜ. ಆದರೆ ಅದು ಯಂತ್ರದ ಮೇಲೆ ತಿರುಗಿದೆ. ತಿರುಗಬೇಕಾದದ್ದು ಮಕ್ಕಳನ್ನು ಒಳಗೆ ಬಿಟ್ಟು “ಏನಾದರೂ ಮಾಡ್ಕೊಳ್ಳಿ” ಅನ್ನುವ ರೂಢಿಯ ಮೇಲೆ.

ಕೆಲಸ ಹೇಳದೆ ಕೂರಿಸಿದರೆ ಮಕ್ಕಳು ಆಡುತ್ತಾರೆ, ಆಡದೆ ಏನು ಮಾಡಬೇಕು? ಕೆಲಸ ತರಗತಿಯಲ್ಲೇ, ಬೋರ್ಡಿನ ಮೇಲೆ ಗೊತ್ತಾಗಿರಬೇಕು. ನಮ್ಮ ಕಡೆಯದೇ ಒಂದನ್ನು ತೆಗೆದುಕೊಳ್ಳಿ. ತುಂಗಭದ್ರಾ ಜಲಾಶಯದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ಗರಿಷ್ಠ 1633 ಅಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಭತ್ತದ ಗದ್ದೆಯಿರುವ ಮನೆಗಳಲ್ಲೆಲ್ಲ ಒಂದೇ ಚಿಂತೆ: ಕಾಲುವೆಗೆ ನೀರು ಉಳಿಯುತ್ತದೋ ಇಲ್ಲವೋ. ಆ ತಿಂಗಳ ಅಂಕಿಗಳನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದು ತಂದು ಸ್ಪ್ರೆಡ್‌ಶೀಟಿಗೆ ತುಂಬಿ ಗ್ರಾಫ್ ಎಳೆಯಲಿ. ಲಂಬ ಅಕ್ಷ ಸೊನ್ನೆಯಿಂದ ಶುರುವಾದರೆ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿರುತ್ತದೆ, ಏನೂ ಆಗಿಲ್ಲವೇನೋ ಅನ್ನುವ ಹಾಗೆ. ಅಕ್ಷವನ್ನು 1600ರಿಂದ ಶುರು ಮಾಡಿ ನೋಡಿ, ಗೇಟು ಹೋದ ಮೇಲಿನ ಇಳಿತ ಎದ್ದು ಕಾಣುತ್ತದೆ. ಅಂಕಿ ಅವೇ, ಚಿತ್ರ ಬೇರೆ. ಏಕೆ ಹೀಗೆ ಎಂದು ಮೇಷ್ಟ್ರು ಕೇಳಿದರೆ ಸಾಕು, ಗಣಿತದ ಪಾಠ ಅಲ್ಲೇ ನಡೆಯುತ್ತದೆ.

“ಒಂದು ಯಂತ್ರಕ್ಕೆ ಮೂರ್ನಾಲ್ಕು ಮಂದಿ, ಯಾರು ಕಲಿಯೋದು?” ಎಂಬುದು ಎರಡನೆಯ ಆಕ್ಷೇಪ. ಆದರೆ ವಡೋದರದ ಮಹಾನಗರ ಪಾಲಿಕೆ ಶಾಲೆಗಳಿಗೆ ಸರ್ಕಾರ ಕೊಟ್ಟದ್ದು ಶಾಲೆಗೆ ನಾಲ್ಕು ಕಂಪ್ಯೂಟರ್. ‘ಪ್ರಥಮ್’ ಸಂಸ್ಥೆ ಅಲ್ಲಿ ನಾಲ್ಕನೇ ತರಗತಿಯವರನ್ನು ಯಂತ್ರಕ್ಕೆ ಇಬ್ಬರಂತೆ, ವಾರಕ್ಕೆ ಎರಡು ಗಂಟೆ ಗಣಿತದ ಆಟಕ್ಕೆ ಕೂರಿಸಿತು. ಗಣಿತದ ಅಂಕಗಳು ಗಮನಾರ್ಹವಾಗಿ ಏರಿದವೆಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರ 2007ರ ಅಧ್ಯಯನ ತೋರಿಸಿತು. ಗೇಮ್ ಎಂದರೆ ಮೂಗು ಮುರಿಯುವವರು ಇದನ್ನೂ ಗಮನಿಸಲಿ. ಮೂವರಾದರೆ ಒಬ್ಬ ಟೈಪ್ ಮಾಡಲಿ, ಒಬ್ಬಳು ಅಂಕಿ ಓದಲಿ, ಇನ್ನೊಬ್ಬ ತಪ್ಪು ಹಿಡಿಯಲಿ; ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಮೌಸ್ ಯಾವಾಗಲೂ ಜೋರು ಹುಡುಗನ ಕೈಲೇ ಇರುತ್ತದೆ, ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ಅದನ್ನು ತಪ್ಪಿಸದಿದ್ದರೆ ಹತ್ತು ಯಂತ್ರ ಹೆಚ್ಚಿಗೆ ತಂದರೂ ಅಷ್ಟೇ.

ಕಂಪ್ಯೂಟರ್ ಗಣಿತದ ಹೊತ್ತು ತಿನ್ನುತ್ತದೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಜರಾತಿನ ‘ಜ್ಞಾನಶಾಲಾ’ ಸಂಸ್ಥೆಯ ತರಗತಿಗಳಲ್ಲಿ ಸಂಶೋಧಕ ಲೀ ಲಿಂಡನ್ ಕಂಡದ್ದು ಅದನ್ನೇ: ಪಾಠದ ಹೊತ್ತು ಕಿತ್ತು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳು ಹಿಂದೆ ಬಿದ್ದರು, ಪಾಠದ ಜೊತೆಗೆ ಕೊಟ್ಟಾಗ ಮುಂದೆ ಬಂದರು. ಹಾಗಾಗಿ ಒಳ್ಳೆಯ ಗಣಿತ ಮೇಷ್ಟ್ರ ಪೀರಿಯಡ್ ಮುಟ್ಟಬೇಡಿ. ಆದರೆ ವೇಳಾಪಟ್ಟಿಯಲ್ಲಿ ಈಗಾಗಲೇ ಇರುವ ಕಂಪ್ಯೂಟರ್ ಪೀರಿಯಡ್ ರದ್ದು ಮಾಡಲು ಇದು ಕಾರಣವಾಗದು.

“ಕಲಿಸೋರಿಲ್ಲ” ಅನ್ನುತ್ತಾರೆ. 2001ರ ‘ಮಾಹಿತಿ ಸಿಂಧು’ ಕಂಪ್ಯೂಟರ್ ಶಿಕ್ಷಣ ಯೋಜನೆಯಿಂದ ಈಚೆಗೆ ಯೋಜನೆಗಳ ಹೆಸರು ಬದಲಾಗುತ್ತಲೇ ಬಂದಿದೆ; ಕಂಪ್ಯೂಟರ್ ಮೇಷ್ಟ್ರಿಗಾಗಿ ಕಾಯುತ್ತಾ ಕೂತರೆ ಮುಗಿಯಿತು. ಜಲಾಶಯದ ಗ್ರಾಫಿಗೆ ಬೇಕಾದವರು ಗಣಿತದವರು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿ ಅಜ್ಜಿ ಹೇಳಿದ ಕಥೆ ಟೈಪ್ ಮಾಡಿಸಿ ಒತ್ತಕ್ಷರ ತಿದ್ದಲು ಕನ್ನಡದವರು. “ಇಂಗ್ಲಿಷ್ ಬರಲ್ಲ” ಎಂಬ ನೆಪಕ್ಕೂ ಉತ್ತರ ಅಲ್ಲೇ ಇದೆ.

ಮೊಬೈಲ್ ಮನೆಮನೆಯಲ್ಲಿದೆಯಲ್ಲ ಎಂದರೆ, ಅದು ಸಂಜೆ ಅಪ್ಪ ಬಂದ ಮೇಲೆ ಸಿಗುವುದು, ಅದೂ ರೀಲ್ಸ್ ನೋಡಲಿಕ್ಕೆ. ಕರೆಂಟೇ ಇರಲ್ಲ ಎಂದರೆ, ಹೋದ ದಿನ ಜಲಾಶಯದ ಅದೇ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಎಳೆಯಲಿ. ಇಷ್ಟಾದರೂ ಆ ಕೋಣೆಗೆ ಬೀಗವೇ ಸರಿ ಅನ್ನುವವರು, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಒಂದನ್ನು ಕೇಳಿ ನೋಡಲಿ: ಕಳೆದ ವಾರ ಒಂಬತ್ತನೇ ತರಗತಿಯವರು ಸೇವ್ ಮಾಡಿದ ಫೈಲ್ ಯಾವುದು, ತೆರೆದು ತೋರಿಸಿ.